ಉಂಗುರದ ಒಳಮೈಯಲ್ಲಿ ಆರು ಗುರುತು

ಗಾಂಧಿ ಬಜಾರಿನಲ್ಲೋ ಸಂಪಿಗೆ ರಸ್ತೆಯಲ್ಲೋ ಕೊಂಡ ಹೊಸ ಉಂಗುರವೊಂದನ್ನು ಭೂತಗನ್ನಡಿ ಹಿಡಿದು ನೋಡಿ. ಒಳಮೈಯಲ್ಲಿ ಹಾಲ್‌ಮಾರ್ಕ್‌ನ ಪುಟ್ಟ ತ್ರಿಕೋನ ಮುದ್ರೆ, ಪಕ್ಕದಲ್ಲಿ 916, ಅದರಾಚೆ ಅಂಕಿ-ಅಕ್ಷರ ಬೆರೆತ ಆರು ಗುರುತು. ದೇಶದ ಇನ್ಯಾವ ಒಡವೆಗೂ ಅದೇ ಆರು ಗುರುತು ಇಲ್ಲ! ಮುಖಪರಿಚಯವೇ ಇಲ್ಲದವರ ಕೈಯಿಂದ ಬಂದ ಚಿನ್ನವನ್ನು ನಂಬುವುದು ಹೇಗೆ? ವರ್ತಕರ ಸಂಘಗಳು ಶತಮಾನಗಳಿಂದ ಈ ಪ್ರಶ್ನೆಯ ಜೊತೆಯಲ್ಲೇ ಬಾಳಿವೆ.

ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಐಹೊಳೆಗೆ ಹೋಗುತ್ತದೆ, ಅಲ್ಲಿಂದ ಸಮುದ್ರವನ್ನೇ ದಾಟುತ್ತದೆ. ಅಯ್ಯಾವೊಳೆ ಐನೂರ್ವರು! ಮಲಪ್ರಭೆಯ ದಡದ ಈ ಊರಿನ ಹೆಸರನ್ನೇ ಹೊತ್ತ ವರ್ತಕರ ಸಂಘ. ಸುಮಾತ್ರಾದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನ ಅವರದು. ಬಂದರಿಗೆ ಬಂದ ಹಡಗಿನವರು ಕಸ್ತೂರಿಯ ಬೆಲೆಗೆ ಹೊಂದಿಸಿ, ಚಿನ್ನದಲ್ಲಿ ಕಾಣಿಕೆ ಸಲ್ಲಿಸಬೇಕು ಎಂಬ ಕಟ್ಟಳೆ ಅದರಲ್ಲಿದೆ. ವಿಧಿಸಿದವರು ರಾಜರಲ್ಲ, ವರ್ತಕರು!

ಈಗ ಬೆಂಗಳೂರಿಗೆ ಮರಳಿ, ಚಾಮರಾಜಪೇಟೆಯಿಂದ ಕೆ.ಆರ್. ಮಾರ್ಕೆಟ್ ದಾಟಿ ನಗರ್ತಪೇಟೆಗೆ ಬನ್ನಿ. ವಿಶ್ವಕರ್ಮರ ಕಾಳಿಕಾಂಬಾ ಕಮಠೇಶ್ವರ ಗುಡಿಯ ಸುತ್ತಲಿನ ಗಲ್ಲಿಗಳಲ್ಲಿ, ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಮಹಡಿ ಮೇಲೆ ಅಕ್ಕಸಾಲಿಗರು. ಮನೆತನದ ಕಸುಬು ಹಿಡಿದವರ ಪಕ್ಕದಲ್ಲೇ ಬಂಗಾಳದಿಂದ ಬಂದ ಕುಶಲಕರ್ಮಿಗಳು. ಇಲ್ಲಿ ಗುಡಿಸಿದ ಕಸಕ್ಕೂ ಬೆಲೆಯಿದೆ. ಅದನ್ನು ತೊಳೆದು ಸೋಸಿದರೆ ಚಿನ್ನದ ಕಣ ಸಿಗುತ್ತದೆ!

ಇಲ್ಲಿ ಮಾಡಿದ ಒಡವೆ ಎಷ್ಟು ಶುದ್ಧ? ಒರೆಗಲ್ಲು ಮೇಲ್ಮೈಯನ್ನಷ್ಟೇ ಹೇಳುತ್ತದೆ. ಒಳಗಿನ ನಿಜ ಗೊತ್ತಾಗಬೇಕಾದರೆ ಬೆಂಕಿಯೇ ಬೇಕು. ಹಾಲ್‌ಮಾರ್ಕ್ ಕೇಂದ್ರದಲ್ಲಿ, ಒಟ್ಟಿಗೆ ಬಂದ ಒಡವೆಗಳಲ್ಲಿ ಮಾದರಿಗೆಂದು ಆರಿಸಿದ ಒಡವೆಯಿಂದ ಒಂದು ಚೂರು ಕೆರೆದು ತೂಗುತ್ತಾರೆ. ಅದರ ಚಿನ್ನದ ಸುಮಾರು ಎರಡೂವರೆ ಪಟ್ಟು ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಪುಟ್ಟ ಬಟ್ಟಲಲ್ಲಿಟ್ಟು ಸಾವಿರ ಡಿಗ್ರಿ ದಾಟಿದ ಕುಲುಮೆಗೆ ತಳ್ಳುತ್ತಾರೆ. ಸೀಸ ಕರಗಿ ತಾಮ್ರವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಎರಡನ್ನೂ ಬಟ್ಟಲೇ ಕುಡಿದುಬಿಡುತ್ತದೆ! ಉಳಿಯುವುದು ಚಿನ್ನ-ಬೆಳ್ಳಿ ಬೆರೆತ ಒಂದು ಮಣಿ. ಅದನ್ನು ತಟ್ಟಿ, ತಗಡು ಮಾಡಿ, ಸುರುಳಿ ಸುತ್ತಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿಯೂ ಹೋಯಿತು. ಈಗಿರುವುದು ಮಾಸಲು ಕಂದು ಸುರುಳಿ, ಒತ್ತಿದರೆ ಪುಡಿಯಾಗುವಂಥದ್ದು. ಇನ್ನೊಮ್ಮೆ ಕಾಯಿಸಿ ನೋಡಿ, ಅಪ್ಪಟ ಹಳದಿ! ತೂಕ ಸಾವಿರಕ್ಕೆ 916 ಪಾಲು ಬಂದರೆ ಮುದ್ರೆ ಬೀಳುತ್ತದೆ.

ಲಂಡನ್ನಿನಲ್ಲಿ 1327ರಲ್ಲೇ ರಾಜನ ಸನ್ನದು ಪಡೆದ ಅಕ್ಕಸಾಲಿಗರ ಸಂಘ ಇಂದಿಗೂ ತಾನೇ ಮುದ್ರೆ ಒತ್ತುತ್ತದೆ. ನಮ್ಮಲ್ಲಿ ಅದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ವ್ಯವಸ್ಥೆ. ವ್ಯಾಪಾರಿಗಳ ಪರವಾಗಿ ದನಿ ಎತ್ತುವುದು ಬೆಂಗಳೂರಿನ ಜ್ಯುವೆಲ್ಲರ್ಸ್ ಅಸೋಸಿಯೇಷನ್‌ನಂಥ ಸಂಘಗಳ ಕೆಲಸ. ಅಂಥ ದನಿ ಎಷ್ಟು ಅಗತ್ಯ ಎಂಬುದಕ್ಕೆ 1963 ಸಾಕು. ಆ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮ, 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡಕೂಡದು ಎಂದಿತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸವಿಲ್ಲದೆ ಕೂತರು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂದು, 1990ರವರೆಗೂ ಉಳಿಯಿತು.

2021ರ ಜೂನ್‌ನಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆ ಆರು ಗುರುತೂ ಇರಲೇಬೇಕು. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅವನ್ನು ಒತ್ತಿ: ಅಂಗಡಿ, ಪರೀಕ್ಷಿಸಿದ ಕೇಂದ್ರ, ಶುದ್ಧತೆ ಎಲ್ಲ ಕಣ್ಣಮುಂದೆ! ಶುದ್ಧತೆ ಕಡಿಮೆ ಬಂದರೆ ಕೊರತೆಯ ಎರಡು ಪಟ್ಟು ಪರಿಹಾರ ಕೇಳುವ ಹಕ್ಕೂ ನಿಮ್ಮದು.

ಒಡವೆ ಬೆಸೆದ ಕೈ ಯಾರದು ಎಂಬುದೊಂದೇ ಆ ಆ್ಯಪ್‌ನಲ್ಲಿಲ್ಲ. ಹೊಯ್ಸಳರ ಕಾಲದಲ್ಲಿ ಬಳ್ಳಿಗಾವೆಯ ದಾಸೋಜ ಬೇಲೂರಿನ ಶಿಲ್ಪದಲ್ಲಿ ತನ್ನ ಹೆಸರು ಕೊರೆದ, ಅದನ್ನು ಇವತ್ತಿಗೂ ಓದಬಹುದು. ಅಂಗಡಿಯ ಹೆಸರಿನ ಕೆಳಗೆ ಅಕ್ಕಸಾಲಿಗನ ಹೆಸರಿಗೂ ಒಂದು ಸಾಲು ಬಿಡಿ ಎಂದು ಬ್ಯೂರೋವನ್ನು ಮೊದಲು ಕೇಳಬೇಕಾದವರು ನಮ್ಮ ಬೆಂಗಳೂರಿನ ಸಂಘದವರೇ.