ಕೆಂಪು ಸೆಲೆನಿಯಂ: ಬೇಕಾದಷ್ಟಕ್ಕೂ ವಿಷಕ್ಕೂ ನಡುವಿನ ಅಂತರ

ಸೋಡಿಯಂ ಸೆಲೆನೈಟ್ ಕರಗಿದ ನೀರಿಗೆ ಬಣ್ಣವಿಲ್ಲ. ಅದಕ್ಕೆ ವಿಟಮಿನ್ ಸಿ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಕಲಕುತ್ತಿದ್ದರೆ ಮೊದಲು ತೆಳು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಇಟ್ಟಿಗೆಗೆಂಪು. ಲವಣದಲ್ಲಿದ್ದ ಸೆಲೆನಿಯಂ ಎಲೆಕ್ಟ್ರಾನ್ ಪಡೆದು ಮೂಲಧಾತುವಾಗಿ, ಕಣ್ಣಿಗೆ ಕಾಣದ ಗೋಲಗಳಾಗಿ ತೇಲುತ್ತಿರುತ್ತದೆ. ಇವೇ ನ್ಯಾನೋಕಣಗಳು. ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತವೆ, ಕ್ರಮೇಣ ಬೂದುಬಣ್ಣಕ್ಕೆ ತಿರುಗಿ ಚುರುಕು ಕಳೆದುಕೊಳ್ಳುತ್ತವೆ. ಅದಕ್ಕೇ ಪ್ರೋಟೀನಿನದೋ ಕೈಟೋಸಾನಿನದೋ ಲೇಪ ಕೊಡುತ್ತಾರೆ.

ದೇಹಕ್ಕೆ ಸೆಲೆನಿಯಂ ಒದಗಿಸಲು ಅದರ ಲವಣವೇ ಸಾಲದೆ? ಸಾಲದು, ಅದರ ಅಳತೆ ಬಹಳ ಬಿಗಿ. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಕಂಡುಹಿಡಿದ ಈ ಧಾತು ಬಹುಕಾಲ ವಿಷವೆಂದೇ ಹೆಸರಾಗಿತ್ತು. ಇಲಿಗಳ ಯಕೃತ್ತನ್ನು ಅದು ಕಾಪಾಡುತ್ತದೆಂದು ತಿಳಿದದ್ದು 1957ರಲ್ಲಿ. ಕಾರಣ ಹೊಳೆದದ್ದು 1973ರಲ್ಲಿ: ಜೀವಕೋಶದ ಪೆರಾಕ್ಸೈಡುಗಳನ್ನು ನಿರುಪದ್ರವಿಯಾಗಿಸುವ ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಒಳಗೇ ಸೆಲೆನಿಯಂ ಕೂತಿತ್ತು. ಚೀನಾದ ಕೆಶಾನ್‌ನಂಥ ಕಡೆ ಮಣ್ಣಿನಲ್ಲಿ ಅದು ತೀರಾ ಕಡಿಮೆಯಾಗಿ ಮಕ್ಕಳ ಹೃದಯದ ಸ್ನಾಯುವೇ ಸೋತಿತು. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಭಾಗದ ಕೆಲವು ಹೊಲಗಳಲ್ಲಿ ಅತಿಯಾಗಿ, ಅಲ್ಲಿನ ಮೇವು ತಿಂದ ದನಗಳ ಕೂದಲು ಉದುರಿ ಗೊರಸು ಕಳಚಿದವು. ಅಮೆರಿಕದ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಬೇಕು, 400 ದಾಟಬಾರದು.

ನ್ಯಾನೋಕಣದ ನಿಜವಾದ ಆಕರ್ಷಣೆ ಇಲ್ಲಿದೆ. 2001ರಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಂಪು ನ್ಯಾನೋ ಸೆಲೆನಿಯಂ ಆ ಕಿಣ್ವವನ್ನು ಸೆಲೆನೈಟಿನಷ್ಟೇ ಹೆಚ್ಚಿಸಿತು. ಇಲಿಗಳಿಗೆ ಮಾರಕವಾಗಲು ಮಾತ್ರ ಸುಮಾರು ಏಳು ಪಟ್ಟು ಹೆಚ್ಚು ಬೇಕಾಯಿತು. ಅಂದರೆ ಅದು ಲವಣಕ್ಕಿಂತ ಬಲವಾದ ಆ್ಯಂಟಿಆಕ್ಸಿಡೆಂಟ್ ಎನ್ನುವುದಕ್ಕಿಂತ, ಕೈತಪ್ಪಿದರೂ ಅಪಾಯ ಕಡಿಮೆ ಎನ್ನುವುದೇ ಹೆಚ್ಚು ಸರಿ.

ಬಹಳಷ್ಟು ಪ್ರಬಂಧಗಳು ಮಾತ್ರ ಡಿಪಿಪಿಎಚ್ ಪರೀಕ್ಷೆಯನ್ನೇ ಎತ್ತಿ ಹಿಡಿಯುತ್ತವೆ. ನೇರಳೆ ದ್ರಾವಣಕ್ಕೆ ಕಣಗಳನ್ನು ಹಾಕಿದಾಗ ಬಣ್ಣ ಮಾಸಿದರೆ, ಫ್ರೀ ರ‍್ಯಾಡಿಕಲ್‌ಗಳು ತಣ್ಣಗಾದವೆಂದು ಲೆಕ್ಕ. ಕಣ ಚಿಕ್ಕದಾದಷ್ಟೂ ಹೊರಮೈ ಹೆಚ್ಚು, ಬಣ್ಣವೂ ಬೇಗ ಮಾಸುತ್ತದೆ. ಆದರೆ ಅದು ಗಾಜಿನ ನಳಿಕೆಯೊಳಗಿನ ಸಂಗತಿ. ದೇಹದಲ್ಲಿ ಸೆಲೆನಿಯಂ ಮುಖ್ಯವಾಗಿ ಕೆಲಸ ಮಾಡುವುದು ಕಿಣ್ವಗಳ ಮೂಲಕ. ಬೇಕಾದಷ್ಟು ಸಿಕ್ಕ ಮೇಲೆ ಕಿಣ್ವದ ಪ್ರಮಾಣ ಏರುವುದಿಲ್ಲ. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಎಂಬ ಅಧ್ಯಯನದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಲಿಲ್ಲ. 2008ರಲ್ಲಿ ಮಾತ್ರೆ ನಿಲ್ಲಿಸಬೇಕಾಯಿತು. ಅಲ್ಲಿ ಕೊಟ್ಟದ್ದು ನ್ಯಾನೋರೂಪವಲ್ಲ, ನಿಜ. ಆದರೆ ಅದನ್ನು ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಸೆಲೆನಿಯಂ ಕೊರತೆಯೇ ಇರಲಿಲ್ಲ. ಕೆಂಪು ಕಣಗಳನ್ನು ಮೊದಲು ಪರೀಕ್ಷಿಸಬೇಕಾದದ್ದು ಕೊರತೆ ಇರುವವರಲ್ಲಿ.