ಅಗಸಿ ತಪ್ಪಿದ ಕಂಪ್ಯೂಟರ್

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಿಂದ ಬೆಳಿಗ್ಗೆಯೇ ಫೋನು. "ಸರ, ಪ್ರಿಂಟ್ ಬರತೈತ್ರಿ, ಇಂಟರ್‌ನೆಟ್ ಅಷ್ಟ ಬರವಲ್ದು." ನೆಟ್ ಕೊಟ್ಟವರಿಗೆ ಎರಡು ಸಲ ಬೈದೂ ಆಗಿತ್ತು. ಪಕ್ಕದ ಟೇಬಲ್ಲಿನ ಕಂಪ್ಯೂಟರಿಗೆ ಬರುತ್ತದೆಯೇ ಎಂದು ಕೇಳಿದೆ. "ಅದಕ್ಕ ಬರತೈತ್ರಿ." ಹಾಗಾದರೆ ಬೈಸಿಕೊಂಡವರ ತಪ್ಪೇನೂ ಇರಲಿಲ್ಲ.

ನಮ್ಮ ಕಡೆ ಊರಿನ ಹೆಬ್ಬಾಗಿಲಿಗೆ ಅಗಸಿ ಎನ್ನುತ್ತೇವೆ. ಡಿಫಾಲ್ಟ್ ಗೇಟ್‌ವೇ ಎಂದರೆ ಅದೇ. ಆ ಕಂಪ್ಯೂಟರಿನ ಐಪಿ ವಿಳಾಸ 192.168.1.20, ಪ್ರಿಂಟರಿನದು 192.168.1.50. ಜೊತೆಗಿರುವ ಸಬ್‌ನೆಟ್ ಮಾಸ್ಕ್ 255.255.255.0. ಮೊದಲ ಮೂರು ಸಂಖ್ಯೆ ಒಂದೇ ಆಗಿದ್ದರೆ ನಮ್ಮೂರಿನವರು ಎಂದು ಅದರ ಅರ್ಥ. ಊರೊಳಗಿನವರಿಗೆ ಕಂಪ್ಯೂಟರ್ ನೇರವಾಗಿ ಕಾಗದ ಮುಟ್ಟಿಸುತ್ತದೆ. ಪರವೂರಿನದಾದರೆ ದಾರಿ ಅದಕ್ಕೆ ಗೊತ್ತಿಲ್ಲ, ಅಗಸಿಗೆ ಒಯ್ದು ಕೊಡುವುದಷ್ಟೇ ಗೊತ್ತು. ಆ ಅಗಸಿಯೇ ರೌಟರ್. ಅಂಗಡಿಯಲ್ಲಿ ಅದರ ವಿಳಾಸ 192.168.1.1.

ಹೋಗಿ ಕಪ್ಪು ಪರದೆ ತೆರೆದು 'ಐಪಿಕಾನ್ಫಿಗ್' ಎಂದು ಹೊಡೆದೆ. ಗೇಟ್‌ವೇ ಜಾಗದಲ್ಲಿ 192.168.1.11 ಎಂದಿತ್ತು. ಗುಮಾಸ್ತರ ಅಳಿಯ ಹಿಂದಿನ ಸಂಜೆ ಕೈಯಾರೆ ನಂಬರು ತುಂಬುವಾಗ ಕೊನೆಗೆ '1' ಒಂದು ಹೆಚ್ಚು ಬಿದ್ದಿದೆ. ಆ ವಿಳಾಸದಲ್ಲಿ ಯಾವ ಯಂತ್ರವೂ ಇಲ್ಲ, ಕಂಪ್ಯೂಟರ್ ಪಾಪ ಗೋಡೆಗೆ ಕಾಗದ ಕೊಡುತ್ತ ನಿಂತಿತ್ತು. ಒಂದು ಅಂಕಿ ಅಳಿಸಿದೆ. ಅದಕ್ಕೆಷ್ಟು ದುಡ್ಡು ಕೇಳಬೇಕೋ ತಿಳಿಯದೆ ಚಹಾ ಕುಡಿದು ಬಂದೆ.

ಕೈಯಾರೆ ತುಂಬುವ ಚಟವೇ ಬೇಡ ಎಂಬುದು ನನ್ನ ಮತ. 'ಆಟೊಮ್ಯಾಟಿಕ್' ಎಂದು ಬಿಟ್ಟರೆ ಡಿಎಚ್‌ಸಿಪಿ ಎಂಬ ಏರ್ಪಾಟಿನಲ್ಲಿ ರೌಟರೇ ವಿಳಾಸ, ಮಾಸ್ಕ್, ಗೇಟ್‌ವೇ ಎಲ್ಲವನ್ನೂ ಹಂಚುತ್ತದೆ. ಪ್ರಿಂಟರ್, ಕ್ಯಾಮೆರಾದ ಡಬ್ಬಿಯಂಥವನ್ನು ಉಳಿದವರು ನಂಬರು ಹಿಡಿದೇ ಹುಡುಕಿಕೊಂಡು ಹೋಗುವುದರಿಂದ ಅವಕ್ಕೆ ಮಾತ್ರ ಕಾಯಂ ವಿಳಾಸ ಕೊಡಿ. ಅದೂ ರೌಟರ್ ಹಂಚುವ ಸಾಲಿನ ಹೊರಗಿರಲಿ. ಇಲ್ಲವಾದರೆ ಒಂದೇ ನಂಬರು ಇಬ್ಬರ ಪಾಲಾಗಿ, ಇಬ್ಬರಿಗೂ ನೆಟ್ ಬಂದು ಬಂದು ಹೋಗುತ್ತದೆ.

"ನಮ್ಮ ಮನೆಯಲ್ಲೂ 192.168 ಅಂತಲೇ ಇದೆಯಲ್ಲ?" ಎಂದು ಹಲವರು ಕೇಳುತ್ತಾರೆ. ಇರುತ್ತದೆ. ವಿಳಾಸದ ಈ ಹಳೆಯ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ, ಜಗತ್ತಿಗೆ ಸಾಲದು. ಹಾಗಾಗಿ ಒಳಬಳಕೆಗೆಂದು 192.168ರಂಥ ಕೆಲವು ಸಾಲುಗಳನ್ನು 1990ರ ದಶಕದಲ್ಲೇ ಮೀಸಲಿಟ್ಟರು. ಹೊರಗೆ ಕಾಣುವುದು ರೌಟರಿನ ಒಂದೇ ಮುಖ.

169.254 ಎಂದು ಶುರುವಾಗುವ ವಿಳಾಸ ಕಂಡರೆ ಮಾತ್ರ ಸೆಟ್ಟಿಂಗು ಕೆದಕಬೇಡಿ. ಯಾರೂ ನಂಬರು ಕೊಡದಿದ್ದಾಗ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ಹೆಸರದು. ಮೊದಲು ಕೇಬಲ್ ನೋಡಿ, ರೌಟರ್ ಆರಿಸಿ ಹಚ್ಚಿ. ಅದಕ್ಕೂ ಬಗ್ಗದೆ ಅಂಕಿ ಬದಲಿಸಲೇಬೇಕಾದರೆ, ಹಳೆಯವುಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡೇ ಕೈಹಾಕಿ.