ಹಳೆಯ ಬೈಸಿಕಲ್ಲನ್ನು ಕೊಳ್ಳುವ ಬಗೆ

ವಿದ್ಯಾರ್ಥಿಯ ಪಾಲಿಗೆ ಬೈಸಿಕಲ್ಲು ವಿಲಾಸದ ವಸ್ತುವಲ್ಲ. ಸುತ್ತಲ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಬಹುಮಂದಿಗೆ ಬಸ್ಸೇ ಗಡಿಯಾರ. ಸಂಜೆಯ ಬಸ್ಸಿನ ಹೊತ್ತಾಯಿತೆಂದರೆ ಓದುತ್ತಿದ್ದ ಪುಟವನ್ನು ಅರ್ಧಕ್ಕೇ ಮುಚ್ಚಿ ವಾಚನಾಲಯದಿಂದ ಏಳಬೇಕು. ಸ್ವಂತ ಸೈಕಲ್ಲಿದ್ದವನಿಗೆ ದಿನಕ್ಕೆ ಒಂದು ಗಂಟೆಯ ಓದು ಹೆಚ್ಚಾಗಿ ದಕ್ಕುತ್ತದೆ. ಆದರೆ ಕೂಲಿ ಮಾಡಿ ಮಕ್ಕಳನ್ನು ಓದಿಸುವ ಮನೆಗೆ ಹೊಸ ಸೈಕಲ್ಲಿನ ಬೆಲೆ ಭಾರವೇ ಸರಿ. ಆದುದರಿಂದ ನಾವು ಹಳೆಯ ಸಾಮಾನಿನ ಬಜಾರಿನತ್ತ ಮುಖ ಮಾಡುವುದು ಸಹಜ. ಅಲ್ಲಿ ಕೊಳ್ಳುವ ಕ್ರಮವನ್ನು ಅರಿತಿದ್ದರೆ ಲಾಭ. ಅರಿಯದಿದ್ದರೆ ಹಣಕ್ಕೂ ನಷ್ಟ, ಮೈಗೂ ಅಪಾಯ.

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನ ‘ಸಂಡೇ ಬಜಾರು’ ಇಂಥ ವ್ಯಾಪಾರಕ್ಕೆ ಹೆಸರಾದುದು. ಸಣ್ಣ ಊರುಗಳಲ್ಲಿ ಸಂತೆಯ ಅಂಚಿನಲ್ಲಿಯೂ ಗುಜರಿಯವರ ಬಳಿಯಲ್ಲಿಯೂ ಹಳೆಯ ಸಾಮಾನು ದೊರೆಯುವುದುಂಟು. ಎಲ್ಲಿಯಾದರೂ ನಿಯಮ ಒಂದೇ: ರಸ್ತೆಯ ಬದಿಯಲ್ಲಿ ಮಾರುವವನು ಮುಂದಿನ ವಾರ ಅಲ್ಲಿಯೇ ಇರುವನೆಂಬ ಭರವಸೆಯಿಲ್ಲ. ಕೊಂಡ ಮೇಲೆ ದೂರುವುದಕ್ಕಿಂತ ಕೊಳ್ಳುವ ಮುನ್ನ ನೋಡುವುದೇ ಲೇಸು.

ನಮ್ಮ ಹಿರಿಯರು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೋಡಿದವರಿಗೆ ಈ ವಿದ್ಯೆ ಹೊಸದಲ್ಲ. ಕೊಂಬಿನ ಬಣ್ಣಕ್ಕೆ ಅವರು ಮರುಳಾಗುವುದಿಲ್ಲ. ಹಲ್ಲು ಹಿಡಿದು ನೋಡುತ್ತಾರೆ, ಗೊರಸು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಸೈಕಲ್ಲಿಗೂ ಇದೇ ಪರೀಕ್ಷೆ.

ಮೊದಲು ಫ್ರೇಮು. ಉಳಿದುದೆಲ್ಲವನ್ನೂ ಬದಲಾಯಿಸಬಹುದು, ಫ್ರೇಮು ಕೆಟ್ಟರೆ ಸೈಕಲ್ಲೇ ಕೆಟ್ಟಂತೆ. ಹೊಸ ಬಣ್ಣ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಬಿರುಕನ್ನು ಮುಚ್ಚಲು ಬಣ್ಣಕ್ಕಿಂತ ಅಗ್ಗದ ಉಪಾಯವಿಲ್ಲ. ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವೆಡೆಯಲ್ಲಿ, ಅದರಲ್ಲಿಯೂ ಕೆಳಗಿನ ಕೊಳವೆಯ ಅಡಿಭಾಗದಲ್ಲಿ, ಬೆರಳಾಡಿಸಿ ನೋಡಿ. ಅಲ್ಲಿ ಉಬ್ಬೋ ಸುಕ್ಕೋ ತಗಲಿದರೆ ಆ ಸೈಕಲ್ಲು ಎದುರಿನಿಂದ ಯಾವುದಕ್ಕೋ ಬಲವಾಗಿ ಗುದ್ದಿಕೊಂಡಿರುವುದು ಬಹುಮಟ್ಟಿಗೆ ನಿಜ. ಹಿಂದೆ ನಿಂತು ನೋಡಿದಾಗ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿ ಕಾಣಬೇಕು.

ಎರಡನೆಯದು ಚಕ್ರ. ಚಕ್ರವನ್ನು ಎತ್ತಿ ತಿರುಗಿಸಿ, ರಿಮ್ಮಿಗೂ ಬ್ರೇಕಿನ ಕಟ್ಟೆಗೂ ನಡುವಣ ಸಂದನ್ನು ಗಮನಿಸಿ. ಸಂದು ಒಮ್ಮೆ ಕಿರಿದಾಗಿ ಒಮ್ಮೆ ಅಗಲವಾದರೆ ರಿಮ್ಮು ಬೆಂಡಾಗಿದೆ. ಅಲ್ಪಸ್ವಲ್ಪ ಬೆಂಡನ್ನು ಕಡ್ಡಿಗಳನ್ನು ಬಿಗಿದು ತೆಗೆಯಬಹುದು. ಗುದ್ದು ಬಿದ್ದು ತಗ್ಗಾದ ರಿಮ್ಮನ್ನು ಬದಲಾಯಿಸುವುದೇ ಮೇಲು. ಟಯರಿನ ಪಕ್ಕದಲ್ಲಿ ಸೀಳುಗಳಿದ್ದರೆ ಹೊಸ ಟಯರಿನ ಖರ್ಚನ್ನು ಆಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೂರನೆಯದು ಚೈನು. ಎತ್ತಿನ ವಯಸ್ಸು ಹಲ್ಲಿನಲ್ಲಿ ತಿಳಿದಂತೆ ಸೈಕಲ್ಲಿನ ಸವೆತ ಚೈನಿನಲ್ಲಿ ತಿಳಿಯುತ್ತದೆ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ; ಹೀಗೆ 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ. ಅಂಗುಲದ ಗುರುತಿರುವ ಅಡಿಪಟ್ಟಿಯೊಂದನ್ನು ಜೇಬಿನಲ್ಲಿ ಒಯ್ದರೆ ಸಾಕು. ಅಳತೆ ಅಂಗುಲದ ಎಂಟನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನಿನ ಆಯುಸ್ಸು ಮುಗಿದಿದೆ. ಅದರೊಡನೆ ಹಲ್ಲುಚಕ್ರಗಳೂ ಸವೆದಿರುವ ಸಂಭವವುಂಟು. ಪೆಡಲ್ ತುಳಿಯುವಾಗ ಸುತ್ತಿಗೊಮ್ಮೆ ‘ಟಕ್’ ಎಂದರೆ ಕಾಟರ್ ಪಿನ್ನು ಸಡಿಲವಾಗಿರಬಹುದು. ಇದು ಸಣ್ಣ ರಿಪೇರಿ.

ಬ್ರೇಕನ್ನು ಮಾತ್ರ ಮಾರುವವನ ಮಾತಿನ ಮೇಲೆ ನಂಬಬಾರದು, ಹತ್ತಿ ನೋಡಿಯೇ ನಂಬಬೇಕು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆ. ಒಣಗಿದ್ದಾಗಲೇ ಹಿಡಿಯದ ಬ್ರೇಕು ಮಳೆಗಾಲದ ಇಳಿಜಾರಿನಲ್ಲಿ ಕಾಪಾಡೀತೇ?

ಸೈಕಲ್ಲಿನ ಹೆಸರಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. 1951ರಲ್ಲಿ ಆರಂಭವಾದ ಅಟ್ಲಾಸ್ ಸಂಸ್ಥೆಯು 2020ರ ಜೂನ್ ತಿಂಗಳಲ್ಲಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲು ಹಾಕಿತು; ಆದರೂ ಅದರ ಹಳೆಯ ಸೈಕಲ್ಲುಗಳು ಓಡುತ್ತಿವೆ. ನಮ್ಮ ಸಾದಾ ಸೈಕಲ್ಲುಗಳ ಟಯರು, ಚೈನು, ಬೇರಿಂಗ್ ಗುಂಡುಗಳು ಬಹುತೇಕ ಒಂದೇ ಅಳತೆಯವಾದುದೇ ಇದಕ್ಕೆ ಕಾರಣ. ಗೇರಿನ ಸೈಕಲ್ಲಿಗೆ ಈ ಅನುಕೂಲ ಕಡಮೆ. ಅದರ ಬಿಡಿಭಾಗಗಳು ಹಳ್ಳಿಯ ಅಂಗಡಿಯಲ್ಲಿ ದೊರೆಯುವುದು ಕಷ್ಟ.

ಇನ್ನು ಬೆಲೆ. ಮೊದಲೇ ಪರಿಚಯದ ಸೈಕಲ್ ಅಂಗಡಿಯವರಲ್ಲಿ ಟಯರು, ಟ್ಯೂಬು, ಚೈನುಗಳ ಬೆಲೆಯನ್ನು ವಿಚಾರಿಸಿ ಬರೆದುಕೊಳ್ಳಿ. ಮಾರುವವನು 1,500 ರೂಪಾಯಿ ಹೇಳಿ, ರಿಪೇರಿಗೆ 900 ಬೇಕಾದರೆ, ಆ ಸೈಕಲ್ಲಿನ ನಿಜವಾದ ಬೆಲೆ 2,400 ರೂಪಾಯಿ. ಈ ಲೆಕ್ಕವನ್ನು ಮುಂದಿಟ್ಟು ಮಾಡುವ ಚೌಕಾಸಿಯಲ್ಲಿ ಜಗಳವಿರುವುದಿಲ್ಲ. ಆ ವ್ಯಾಪಾರಿಯೂ ಹೊಟ್ಟೆಪಾಡಿಗೆ ಬಿಸಿಲಿನಲ್ಲಿ ಕುಳಿತವನೆಂಬುದನ್ನು ಮರೆಯಬಾರದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬೆಲೆ ಅತಿ ಕಡಮೆಯಾಗಿದ್ದರೆ ಕಾರಣವನ್ನು ಕೇಳಿ. ಸೀಟಿನ ಕೆಳಗಣ ಕೊಳವೆಯ ಮೇಲೋ ಪೆಡಲಿನ ಅಚ್ಚಿನ ಗೂಡಿನ ಅಡಿಯಲ್ಲೋ ಫ್ರೇಮಿನ ನಂಬರು ಕೊರೆದಿರುತ್ತದೆ. ಅದನ್ನು ಅರದಿಂದ ಉಜ್ಜಿ ಅಳಿಸಿದ್ದರೆ ಅಲ್ಲಿಂದ ಹಿಂದಿರುಗಿ. ಕಳವಿನ ಮಾಲೆಂದು ತಿಳಿದೂ ಅಪ್ರಾಮಾಣಿಕತೆಯಿಂದ ಕೊಳ್ಳುವವನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ನಂಬರು ಸರಿಯಾಗಿದ್ದರೂ ಅದನ್ನು ನಮೂದಿಸಿ, ಮಾರಿದವನ ಹೆಸರು, ವಿಳಾಸ, ರುಜುವಿನೊಡನೆ ಒಂದು ಚೀಟಿ ಬರೆಸಿಕೊಳ್ಳಿ.

ಕಾನೂನಿನ ಭಯ ಹಾಗಿರಲಿ. ಕಳವಾದ ಸೈಕಲ್ಲು ಬಹುಶಃ ಮುಂಜಾನೆ ಪತ್ರಿಕೆ ಹಂಚುವ ಹುಡುಗನದೋ, ಹಾಲು ಹಾಕುವವನದೋ, ನಮ್ಮಂತೆಯೇ ಓದುವ ಇನ್ನೊಬ್ಬನದೋ ಆಗಿರುತ್ತದೆ. ನಾವು ಒಂದು ಗಂಟೆಯ ಓದನ್ನು ಗಳಿಸುವುದಕ್ಕಾಗಿ ಇನ್ನೊಬ್ಬನ ಅನ್ನ ಹೋಗಬಾರದು. ಕಣ್ಣಿಟ್ಟು ನೋಡಿ, ಲೆಕ್ಕ ಹಾಕಿ, ನ್ಯಾಯವಾಗಿ ಕೊಂಡ ಹಳೆಯ ಸೈಕಲ್ಲು ಹೊಸದರಷ್ಟೇ ನಂಬಿಕೆಯಿಂದ ದುಡಿಯುತ್ತದೆ.